ದುಂಡಕ್ಷರಗಳ ಸಲುಗೆ

ಈ ಸಂಚಿಕೆ ಮೊದಲ್ಗೊಂಡು ನಮ್ಮ ಮಕ್ಕಳ ಪುಟಗಳ ಶಿರೋನಾಮೆಗಳು ‘ಬಾಲೂ ತಮ್ಮ’ ಎಂಬ ಅಕ್ಷರಶೈಲಿಯಲ್ಲಿ ಅಚ್ಚಾಗಿರುವುದನ್ನು ವಾಚಕರು ಕಾಣುವರು. ಮುಂಬಯಿಯ ‘ಏಕ್ ಟೈಪ್’ ಬಳಗವು ಭಾರತದ ಒಂಬತ್ತು ಲಿಪಿಗಳನ್ನೂ ರೋಮನ್ ಲಿಪಿಯನ್ನೂ ಒಂದೇ ಮನೋಧರ್ಮದಲ್ಲಿ ರೂಪಿಸಿ, ಯಾರಾದರೂ ಹಣ ತೆರದೆ ಬಳಸಿಕೊಳ್ಳಲೆಂದು ಲೋಕಕ್ಕೆ ಬಿಟ್ಟುಕೊಟ್ಟ ‘ಬಾಲೂ’ ಪರಿವಾರದ ಕನ್ನಡ ಕುಡಿ ಇದು. ರೇಖೆ ಉದ್ದಕ್ಕೂ ತುಂಬು ಮೈಯದು, ತುದಿಗಳಲ್ಲಿ ಚೂಪಿಲ್ಲ, ‘ಲ’ದ ಸುರುಳಿಯು ದಪ್ಪ ಕುಂಚವನ್ನು ಬಣ್ಣದಲ್ಲಿ ಅದ್ದಿ ತಡೆಯಿಲ್ಲದೆ ಎಳೆದಂತೆ ತೋರುವುದು.

ಕಲ್ಲಿನ ಸೀಮೆಯವರಾದ ನಮಗೆ ಈ ದುಂಡುತನ ಪರಕೀಯವಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾತೀರದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ವಿಗ್ರಹವೊಂದಕ್ಕೆ ಪೀಠವಾಗಿದ್ದ ಶಿಲೆಯ ಮೇಲೆ ದೊರೆತ ಅಶೋಕನ ಶಾಸನದ ಬ್ರಾಹ್ಮೀ ಅಕ್ಷರಗಳು ಬಹುಮಟ್ಟಿಗೆ ನೇರಗೆರೆಗಳಿಂದಲೂ ಕೋನಗಳಿಂದಲೂ ಆದಂಥವು. ಅಲ್ಲಿಂದ ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಕಳೆದು, ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆನಿಸಿ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿ ಮೆರೆದ 9ನೆಯ ಶತಮಾನದ ಹೊತ್ತಿಗೆ, ಅದೇ ಬ್ರಾಹ್ಮಿಯ ಸಂತತಿಯಾದ ನಮ್ಮ ಲಿಪಿಯು ಮೂಲೆಗಳನ್ನು ಸವೆಸಿಕೊಂಡು, ತೆಲುಗಿನೊಡನೆ ಇನ್ನೂ ಬೇರ್ಪಡದೆ, ದುಂಡಗಾಗಿ ನಿಂತಿತ್ತು. ಸೇಡಂ, ಚಿಂಚೋಳಿಗಳ ಗಡಿಯಲ್ಲಿ ಅಂಗಡಿಯ ಹಲಗೆಗೆ ಈ ಎರಡು ಲಿಪಿಗಳೂ ಬೇಕಾದಾಗ, ‘ಬಾಲೂ ತಮ್ಮ’ನ ಪಕ್ಕದಲ್ಲಿ ಅದೇ ಪರಿವಾರದ ತೆಲುಗು ‘ಬಾಲೂ ತಮ್ಮುಡು’ವನ್ನು ಇರಿಸಿದರೆ, ಒಂದು ಮತ್ತೊಂದನ್ನು ಮೀರದೆ ಸಮತೂಕದಿಂದ ನಿಲ್ಲುವುದೆಂಬುದು ನನಗೆ ಬಹು ಪ್ರಿಯವಾದ ಸಂಗತಿ.

ವಾಡಿ, ಶಹಾಬಾದಗಳಂಥ ಸಿಮೆಂಟು ಮತ್ತು ಫರಸಿಯ ಊರುಗಳಲ್ಲಿ ಏಣಿಯೇರಿ, ಬಣ್ಣದ ಪುಡಿ ಸವರಿದ ದಾರದಿಂದ ಗೆರೆ ಹೊಡೆದುಕೊಂಡು ಶಾಲೆಯ ಗೋಡೆಗೆ ಬರೆಯುತ್ತಿದ್ದ ಪೇಂಟರನ ಕಣ್ಣು, ಒಂದಕ್ಷರದ ಒತ್ತು ನೆರೆಯಕ್ಷರದ ಅಡಿಗೆ ಸರಿದು ಕೂಡಲು ಎಷ್ಟು ಎಡೆ ಬೇಕೆಂಬುದನ್ನು ತಾನೇ ಅಳೆಯುತ್ತಿತ್ತು. ಫ್ಲೆಕ್ಸ್ ಬಂದು ಆ ಕೈಗಳಿಗೆ ಕೆಲಸ ಕಡಿಮೆಯಾಯಿತು. ಯಂತ್ರದಲ್ಲಿ ಪ್ರತಿಯೊಂದು ‘ಕ’ವೂ ಇನ್ನೊಂದರ ಪಡಿಯಚ್ಚು; ಆದುದರಿಂದ ಈ ಹೊಸ ಅಕ್ಷರವು ಪೇಂಟರನ ಸ್ಥಾನವನ್ನು ತುಂಬುವುದೆಂದು ನಾನು ಹೇಳಲಾರೆ. ಆದರೂ ಕೈಯ ಚಲನೆಯ ನೆನಪನ್ನಾದರೂ ಉಳಿಸಿಕೊಂಡ ಅಕ್ಷರ, ಅದೂ ಇಲ್ಲದ ಅಕ್ಷರಕ್ಕಿಂತ ಎಷ್ಟೋ ಮೇಲು. ಅಂಗನವಾಡಿಯ ಗೋಡೆಗೆ, ಜಾತ್ರೆಯ ಕರಪತ್ರಕ್ಕೆ, ನಾಮಕರಣದ ಆಮಂತ್ರಣಕ್ಕೆ ಅದು ನಿಸ್ಸಂದೇಹವಾಗಿ ಒಪ್ಪುವುದು.

ಕಥೆಗಳ ಒಡಲನ್ನು ಮಾತ್ರ ಎಂದಿನ ಅಕ್ಷರದಲ್ಲಿಯೇ ಉಳಿಸಿದ್ದೇವೆ. ಈ ಶೈಲಿಯ ದಪ್ಪ ಮೈಯನ್ನು ಸಣ್ಣ ಗಾತ್ರಕ್ಕೆ ಇಳಿಸಿದೊಡನೆ ‘ಥ’ದೊಳಗಣ ಚುಕ್ಕೆಯೂ ‘ಧ’ದ ಹೊಟ್ಟೆಸೀಳೂ ಮಸಿಯಲ್ಲಿ ಮುಚ್ಚಿಹೋಗಿ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಆಗತಾನೆ ಕಲಿಯುತ್ತಿರುವ ಮಗುವಿಗೇ ತೊಡಕಾಗುವುದು. ಮುಂದೆ ಐದು ತೂಕಗಳಲ್ಲಿ, ಎಂದರೆ ರೇಖೆಯ ಐದು ದಪ್ಪಗಳಲ್ಲಿ, ಹೊರಬಂದ ಆವೃತ್ತಿಯ ತೆಳುರೂಪದಿಂದ ಈ ತೊಡಕು ತಗ್ಗುವುದಾದರೂ, ಪುಟಗಟ್ಟಲೆ ಓದಿಗೆ ಅಷ್ಟು ಸಲುಗೆಯ ಅಕ್ಷರ ಸಲ್ಲದು. ಶಿರೋನಾಮೆಗಳಿಗೂ ಸಾಲುಗಳ ಅಂತರವನ್ನು ಹಿಗ್ಗಿಸಬೇಕಾಯಿತು: ‘ರಾಷ್ಟ್ರಕೂಟರ ಮಳಖೇಡ’ ಎಂಬಲ್ಲಿ ‘ಷ್ಟ್ರ’ದ ಜೋಡಿ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯಬಾರದಷ್ಟೆ.