ಮಿದುಳಿನ ಚಿತ್ರಕ್ಕೊಂದು ಮನೆವಿಳಾಸ

ಎಂ.ಆರ್.ಐ. ಯಂತ್ರದ ಹೆಸರನ್ನು ಕೇಳದವರು ಇಂದು ವಿರಳ. ತಲೆಬುರುಡೆಯನ್ನು ತೆರೆಯದೆ, ಕ್ಷ-ಕಿರಣಗಳನ್ನೂ ಹಾಯಿಸದೆ, ಪ್ರಬಲವಾದ ಅಯಸ್ಕಾಂತದ ನೆರವಿನಿಂದ ಮಿದುಳಿನ ಒಳಗನ್ನು ತೋರಿಸಿಕೊಡುವ ವಿದ್ಯೆ ಅದು. ೧೯೭೩ರಲ್ಲಿ ಪಾಲ್ ಲಾಟರ್ಬರ್ ಅವರು ಅದಕ್ಕೆ ದಾರಿ ತೆರೆದರು. ೨೦೦೩ರಲ್ಲಿ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಆದರೆ ತೆಗೆದ ಚಿತ್ರಗಳು ಆಮೇಲೆ ಎಲ್ಲಿಗೆ ಹೋಗುತ್ತವೆ, ಅವನ್ನು ಹೇಗೆ ಜೋಡಿಸಿಡುತ್ತಾರೆ ಎಂದು ಕೇಳುವವರು ಕಡಿಮೆ. ಸಂಶೋಧನೆಯ ಸತ್ಯಾಸತ್ಯವು ಎಷ್ಟೋ ವೇಳೆ ಈ ಜೋಡಣೆಯನ್ನೇ ಅವಲಂಬಿಸಿರುತ್ತದೆ.

ಒಬ್ಬ ವ್ಯಕ್ತಿ ಯಂತ್ರದೊಳಗೆ ಒಂದು ಗಂಟೆ ಮಲಗಿ ಎದ್ದರೆ ಒಂದು ಚಿತ್ರವಲ್ಲ, ಚಿತ್ರಗಳ ರಾಶಿಯೇ ಹುಟ್ಟುತ್ತದೆ. ಮಿದುಳಿನ ಆಕಾರವನ್ನು ತೋರುವ ಚಿತ್ರ ಒಂದು; ಅದು ಕೆಲಸಮಾಡುವಾಗ ರಕ್ತದ ಆಮ್ಲಜನಕದಲ್ಲಾಗುವ ಏರಿಳಿತವನ್ನು ಹಿಡಿಯುವ ಚಿತ್ರಮಾಲೆ ಇನ್ನೊಂದು; ನರತಂತುಗಳ ಜಾಡನ್ನು ಸೂಚಿಸುವ ವಿಸರಣ ಚಿತ್ರ ಮತ್ತೊಂದು. ಈ ಮೂರನೆಯದನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನೀರಿನ ಕಣಗಳು ನರತಂತುವಿನ ಗುಂಟ ಸಲೀಸಾಗಿ ಚಲಿಸುತ್ತವೆ. ಅಡ್ಡಲಾಗಿ ಚಲಿಸಲು ಅವಕ್ಕೆ ತಡೆಯುಂಟು. ಯಂತ್ರವು ಹತ್ತಾರು ದಿಕ್ಕುಗಳಲ್ಲಿ ಈ ಚಲನೆಯನ್ನು ಅಳೆದು ಬಿಂಬಗಳ ಸಾಲನ್ನು ಕೂಡಿಡುತ್ತದೆ. ಯಾವ ಬಿಂಬ ಯಾವ ದಿಕ್ಕಿನದೆಂಬ ಪಟ್ಟಿ ‘ಬಿವೆಕ್’ ಎಂಬ ಕಡತದಲ್ಲಿರುತ್ತದೆ. ಅಳತೆಯ ತೀವ್ರತೆ ‘ಬಿವ್ಯಾಲ್’ ಎಂಬುದರಲ್ಲಿ. ಯಂತ್ರದ ಇತರ ವಿವರಗಳು ‘ಜೇಸನ್’ ಎಂಬ ಇನ್ನೊಂದರಲ್ಲಿ. ಈ ಪಟ್ಟಿಗಳಿಲ್ಲದಿದ್ದರೆ ಚಿತ್ರ ಮೂಕ.

ಪಟ್ಟಿ ಕಳೆದುಹೋದರೆ ತಿಳಿಯುತ್ತದೆ, ಅದಲುಬದಲಾದರೆ ತಿಳಿಯದು. ಅಪಾಯವಿರುವುದು ಅಲ್ಲಿಯೇ. ಬೇರೆ ಅನುಕ್ರಮದಲ್ಲಿ ಅಳೆದ ಮತ್ತೊಬ್ಬನ ದಿಕ್ಕುಪಟ್ಟಿ ಈ ಚಿತ್ರದ ಪಕ್ಕಕ್ಕೆ ಬಂದು ಸೇರಿತೆನ್ನೋಣ. ಎಣಿಕೆ ಹೊಂದಿಕೊಂಡಿದ್ದರೆ ಗಣಕಯಂತ್ರ ತಕರಾರು ಮಾಡದೆ ಲೆಕ್ಕ ಹಾಕುತ್ತದೆ. ನರಮಾರ್ಗಗಳ ಸುಳ್ಳು ನಕ್ಷೆಯೊಂದನ್ನು ಬರೆದು ಕೈಗಿಡುತ್ತದೆ. ಹಿಂದೆ ಬಳಕೆಯಲ್ಲಿದ್ದ ‘ಅನಲೈಜ್’ ಮಾದರಿಯ ಕಡತಗಳಲ್ಲಿ ಎಡ ಯಾವುದು ಬಲ ಯಾವುದು ಎಂಬುದೇ ಸಂದೇಹಕ್ಕೆ ಎಡೆಗೊಡುತ್ತಿತ್ತು. ‘ನಿಫ್ಟಿ’ ಎಂಬ ಮಾದರಿ ಬಂದು ಆ ಕೊರತೆಯನ್ನು ನೀಗಿಸಿತು. ಆದರೆ ಯಾವ ಕಡತ ಯಾವುದರ ಸಂಗಾತಿ ಎಂಬ ಪ್ರಶ್ನೆ ಉಳಿದೇ ಇತ್ತು. ಪ್ರಯೋಗಶಾಲೆಗೊಂದು ಪದ್ಧತಿ; ಒಂದೇ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗೊಂದು ಪದ್ಧತಿ. ಇಟ್ಟವರು ಊರು ಬಿಟ್ಟರೆ ಹುಡುಕುವವರ ಪಾಡು ಹೇಳತೀರದು.

ಈ ಗೊಂದಲಕ್ಕೆ ಪರಿಹಾರವಾಗಿ ೨೦೧೬ರಲ್ಲಿ ಕ್ರಿಸ್ಟಾಫ್ ಗೊರ್ಗೊಲೆವ್ಸ್ಕಿ, ರಸೆಲ್ ಪೋಲ್ಡ್ರ್ಯಾಕ್ ಮತ್ತು ಅವರ ಸಂಗಡಿಗರು ‘ಸೈಂಟಿಫಿಕ್ ಡೇಟಾ’ ಪತ್ರಿಕೆಯಲ್ಲಿ ಒಂದು ಕಟ್ಟಳೆಯನ್ನು ಪ್ರಕಟಿಸಿದರು. ‘ಬಿಡ್ಸ್’ ಎಂಬುದು ಅದರ ಸಂಕ್ಷಿಪ್ತ ನಾಮ. ಅದರ ತಿರುಳು ಬಹು ಸರಳ. ವ್ಯಕ್ತಿಗೊಂದು ಫೋಲ್ಡರು; ಅವನು ಹಲವು ಸಲ ಬಂದಿದ್ದರೆ ಅದರೊಳಗೆ ಭೇಟಿಗೊಂದು ಫೋಲ್ಡರು; ಅದರೊಳಗೆ ಆಕಾರಚಿತ್ರಕ್ಕೆ ‘ಅನಾಟ್’, ಕಾರ್ಯಚಿತ್ರಕ್ಕೆ ‘ಫಂಕ್’, ವಿಸರಣಕ್ಕೆ ‘ಡಿಡಬ್ಲ್ಯುಐ’ ಎಂಬ ಕೋಣೆಗಳು. ಯಾರದು, ಎಂದಿನದು, ಎಂಥದು ಎಂಬ ಮೂರು ಪ್ರಶ್ನೆಗಳಿಗೂ ಕಡತವಿರುವ ಸ್ಥಳವೇ ಉತ್ತರ ಹೇಳುತ್ತದೆ.

ಹಾಗೆಂದು ಒಂದೇ ಕೋಣೆಯಲ್ಲಿರುವುದನ್ನೆಲ್ಲ ಕಣ್ಣುಮುಚ್ಚಿ ಒಂದೇ ಕಟ್ಟಾಗಿ ಕಟ್ಟಿದರೆ ಕೆಲಸ ಕೆಡುತ್ತದೆ. ‘ಫಂಕ್’ ಕೋಣೆಯಲ್ಲಿ ಎರಡು ಬಾರಿ ನಡೆಸಿದ ಒಂದೇ ಪ್ರಯೋಗದ ಕಡತಗಳಿರಬಹುದು. ಅದು ಒಂದೇ ಮನೆಯಲ್ಲಿರುವ ಎರಡು ಸಂಸಾರ. ಆದ್ದರಿಂದ ಕೋಣೆಯ ಜೊತೆಗೆ ಹೆಸರಿನ ಮೊದಲ ಭಾಗವನ್ನೂ ಹೋಲಿಸಿ ನೋಡಬೇಕು. ಎಲ್ಲ ವ್ಯಕ್ತಿಗಳಿಗೂ ಸಮಾನವಾದ ವಿವರವನ್ನು ಮೇಲಿನ ಫೋಲ್ಡರಿನಲ್ಲಿ ಒಮ್ಮೆ ಬರೆದಿಟ್ಟರೆ ಸಾಕು. ಪಿತ್ರಾರ್ಜಿತ ಆಸ್ತಿಯಂತೆ ಅದು ಕೆಳಗಿನವರಿಗೆಲ್ಲ ಸಲ್ಲುತ್ತದೆ. ಅದೇ ವಿಷಯವನ್ನು ಕೆಳಗಿನ ಕಡತ ಬೇರೆಯಾಗಿ ಹೇಳಿದರೆ ಕೆಳಗಿನದೇ ಊರ್ಜಿತ. ಇನ್ನು ಅಯಸ್ಕಾಂತದ ಓರೆಕೋರೆಗಳನ್ನು ದಾಖಲಿಸುವ ‘ಎಫ್‌ಮ್ಯಾಪ್’ ಚಿತ್ರಗಳು ಇರುವುದು ಒಂದು ಕೋಣೆಯಲ್ಲಿ, ದುಡಿಯುವುದು ಇನ್ನೊಂದು ಕೋಣೆಯವರಿಗಾಗಿ. ಯಾರಿಗಾಗಿ ಎಂಬುದನ್ನು ಅವುಗಳ ಜೇಸನ್ ಕಡತದಲ್ಲಿ ಬರೆದಿಡಬಹುದು. ಹೀಗೆ ಸ್ಥಳ, ಹೆಸರು, ಬರೆದಿಟ್ಟ ನಂಟು ಈ ಮೂರನ್ನೂ ನೋಡಿಯೇ ಕಟ್ಟು ಕಟ್ಟಬೇಕು.

ಈ ಕಟ್ಟಳೆಯಲ್ಲಿ ಮೇಲುನೋಟಕ್ಕೆ ದಂಡವೆನಿಸುವ ಒಂದು ಅಂಶವುಂಟು. ವ್ಯಕ್ತಿಯ ಸಂಖ್ಯೆ ಫೋಲ್ಡರಿನ ಮೇಲೆ ಇದ್ದರೂ ಒಳಗಿನ ಪ್ರತಿಯೊಂದು ಚಿತ್ರದ ಹೆಸರಿನಲ್ಲಿಯೂ ‘ಸಬ್-೦೧’ ಎಂದು ಮತ್ತೆ ಬರೆಯಬೇಕು. ಇದು ವ್ಯರ್ಥ ಪುನರುಕ್ತಿಯಲ್ಲ. ಜಾತ್ರೆಗೆ ಹೋಗುವ ಮಗುವಿನ ಜೇಬಿನಲ್ಲಿ ಮನೆವಿಳಾಸದ ಚೀಟಿಯನ್ನಿಟ್ಟು ಕಳುಹಿಸುವ ತಾಯಿಯ ವಿವೇಕ ಅದು. ಕಡತ ಎಲ್ಲಿ ತಪ್ಪಿಸಿಕೊಂಡರೂ ತನ್ನ ಮನೆ ಯಾವುದೆಂದು ಹೇಳಬಲ್ಲದು.

ಈ ಎಚ್ಚರಿಕೆಗೆ ಮಾನವೀಯವಾದ ಕಾರಣವೂ ಇದೆ. ‘ಓಪನ್‌ನ್ಯೂರೋ’ ಎಂಬ ಸಾರ್ವಜನಿಕ ಭಂಡಾರದಲ್ಲಿ ಇಂಥ ಸಂಗ್ರಹಗಳು ಜಗತ್ತಿಗೆಲ್ಲ ತೆರೆದಿವೆ. ಕಟ್ಟಳೆಯನ್ನು ಪಾಲಿಸದ ಸಂಗ್ರಹಕ್ಕೆ ಅಲ್ಲಿ ಪ್ರವೇಶವಿಲ್ಲ. ಹೊರಗೆ ಕಳುಹಿಸುವ ಮುನ್ನ ವ್ಯಕ್ತಿಯ ಹೆಸರನ್ನು ತೆಗೆಯುತ್ತಾರೆ. ಗುರುತು ಸಿಗದಂತೆ ಚಿತ್ರದಿಂದ ಮುಖದ ಭಾಗವನ್ನೂ ಅಳಿಸುವುದುಂಟು. ಆಮೇಲೆ ಅವನಿಗೆ ಉಳಿಯುವುದು ಒಂದು ಸಂಖ್ಯೆ, ಒಂದು ಫೋಲ್ಡರು. ರೋಗಿಯೊಬ್ಬನ ಸಂಖ್ಯೆ ಆರೋಗ್ಯವಂತನ ಚಿತ್ರಕ್ಕೆ ಅಂಟಿದರೆ ಕರೆದು ಕೇಳಲು ಹೆಸರಿಲ್ಲ, ಗುರುತಿಸಲು ಮುಖವಿಲ್ಲ. ಯಂತ್ರದ ಗದ್ದಲದ ನಡುವೆ ಅಲುಗಾಡದೆ ಮಲಗಿದ್ದು, ಯಾರಿಗಾದರೂ ಉಪಕಾರವಾಗಲೆಂದು ತನ್ನ ಮಿದುಳಿನ ಚಿತ್ರವನ್ನು ಕೊಟ್ಟು ಹೋದವನ ಋಣ ಸಂಶೋಧಕರ ಮೇಲಿದೆ. ಅವನ ಕಡತಗಳನ್ನು ಅವನ ಮನೆಯಲ್ಲಿಯೇ ಇಡುವುದು ಆ ಋಣದ ಮೊದಲ ಕಂತು.