ಹಸಿರು ಚುಕ್ಕೆಯ ವರದಿ

ಹಿಂದೆ ಶಾನುಭೋಗರು ಬರೆದ ಲೆಕ್ಕಕ್ಕೆ ಪಟೇಲರು ಅರ್ಥವಾಗದೆಯೇ ರುಜು ಹಾಕುತ್ತಿದ್ದುದುಂಟು. ಇಂದು ಬೆಂಗಳೂರಿನ ಕಚೇರಿಗಳಲ್ಲಿ ತಂತ್ರಾಂಶದ ಪರೀಕ್ಷಕರು ಹಿರಿಯ ಅಧಿಕಾರಿಗಳಿಗೆ ವಾರವಾರವೂ ಒಪ್ಪಿಸುವ ಪ್ರಗತಿ ವರದಿಗಳನ್ನು ಕಂಡಾಗ ನನಗೆ ಆ ರುಜುವೇ ನೆನಪಾಗುತ್ತದೆ. ಸಾವಿರ ಪರೀಕ್ಷೆಗಳಲ್ಲಿ ಒಂಬೈನೂರ ಐವತ್ತು ತೇರ್ಗಡೆ, ಐವತ್ತು ಬಾಕಿ. ಪಕ್ಕದಲ್ಲೊಂದು ಹಸಿರು ಚುಕ್ಕೆ. ಬಾಕಿಯಾದುದು ಹಣ ಪಾವತಿಯ ಭಾಗವೋ, ಬರಿಯ ಪರದೆಯ ಬಣ್ಣವೋ? ಚುಕ್ಕೆ ಅದನ್ನು ಹೇಳದು.

ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕು 2018ರ ಏಪ್ರಿಲಿನಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕ ಗ್ರಾಹಕರ ಲೆಕ್ಕಗಳನ್ನು ಹೊಸ ಗಣಕ ವ್ಯವಸ್ಥೆಗೆ ಸಾಗಿಸಿತು. ಲೆಕ್ಕಗಳೇನೋ ಸರಿಯಾಗಿಯೇ ಸಾಗಿದವು. ವ್ಯವಸ್ಥೆ ಮಾತ್ರ ಬಾಗಿಲು ತೆರೆದೊಡನೆ ಕುಸಿಯಿತು. ಅನೇಕರಿಗೆ ತಮ್ಮ ಹಣವೇ ಕೈಗೆಟುಕದಾಯಿತು. ಎಲ್ಲವೂ ಸರಿಹೋಗಲು ಡಿಸೆಂಬರ್ ಬರಬೇಕಾಯಿತು. ಹೊಸ ವ್ಯವಸ್ಥೆ ಎರಡು ದತ್ತಾಂಶ ಕೇಂದ್ರಗಳ ಮೇಲೆ ನಿಂತಿತ್ತು; ಭಾರ ತಾಳುವ ಪರೀಕ್ಷೆ ನಡೆದದ್ದು ಒಂದರಲ್ಲಿ. ನಿರ್ದೇಶಕ ಮಂಡಲಿ ಕೇಳಬೇಕಾಗಿದ್ದ ಕೆಲವು ಪ್ರಶ್ನೆಗಳನ್ನು ಕೇಳಲಿಲ್ಲವೆಂದು 2019ರ ವಿಚಾರಣಾ ವರದಿ ಹೇಳಿತು. 2022ರಲ್ಲಿ ನಿಯಂತ್ರಕರು ವಿಧಿಸಿದ ದಂಡ 4.86 ಕೋಟಿ ಪೌಂಡಿಗೂ ಹೆಚ್ಚು.

ಕೇಳಲಿಲ್ಲವೆಂದು ದೂರುವುದು ಸುಲಭ. ಆದರೆ ತಂತ್ರವನ್ನು ಅರಿಯದವರು ಪ್ರಶ್ನೆ ಕೇಳಬೇಕಾದರೆ ಅದಕ್ಕೆ ಹಿಡಿಯನ್ನು ಒದಗಿಸಬೇಕಾದವರು ವರದಿಗಾರರೇ ಅಲ್ಲವೆ? ‘ಎರಡು ಕೇಂದ್ರಗಳಲ್ಲಿ ಒಂದರ ಭಾರವನ್ನಷ್ಟೇ ಪರೀಕ್ಷಿಸಿದ್ದೇವೆ, ಇನ್ನೊಂದು ಕುಸಿದರೆ ಗ್ರಾಹಕರಿಗೆ ಹಣ ದೊರೆಯದು, ಪರೀಕ್ಷೆಗೆ ಇನ್ನಿಷ್ಟು ವಾರ ಬೇಕು, ಕೊಡುವಿರಾ?’ ಇಂತಹ ವಾಕ್ಯವನ್ನು ಓದಿಯೂ ನಿಶ್ಚಿಂತೆಯಿಂದ ರುಜು ಹಾಕುವ ಅಧಿಕಾರಿ ವಿರಳ. ಪರೀಕ್ಷಿಸದೆ ಬಿಟ್ಟದ್ದೇನು, ಅದರಿಂದ ಯಾರಿಗೆ ಹಾನಿ, ನಿಮ್ಮಿಂದ ಬೇಕಾದ ತೀರ್ಮಾನ ಯಾವುದು: ಇವು ಮೊದಲ ಪುಟದಲ್ಲಿರಲಿ. ಕೋಷ್ಟಕಗಳು ಹಿಂದೆ ಇರಲಿ, ಬೇಕಾದವರು ತಿರುವಿ ನೋಡಲಿ.

ಹೀಗೆ ಸರಳಗೊಳಿಸಿದರೆ ನಿಖರತೆ ಕೆಡುವುದೆಂದು ತಜ್ಞರು ಆಕ್ಷೇಪಿಸುತ್ತಾರೆ. ನನಗೆ ಆ ಆಕ್ಷೇಪದಲ್ಲಿ ಪಾಂಡಿತ್ಯಕ್ಕಿಂತ ಭಯವೇ ಹೆಚ್ಚಾಗಿ ಕಾಣುತ್ತದೆ. ಭಯಕ್ಕೆ ಕಾರಣವೂ ಇಲ್ಲದಿಲ್ಲ. ಚುಕ್ಕೆಯನ್ನು ಕೆಂಪಾಗಿಸಿದ ಪರೀಕ್ಷಕನನ್ನೇ ‘ಏಕೆ ತಡಮಾಡಿದೆ?’ ಎಂದು ಗದರಿಸುವ ಅಧಿಕಾರಿಗೆ ಮುಂದಿನ ವಾರ ಹಸಿರು ಚುಕ್ಕೆಯೇ ಬರುತ್ತದೆ. ಅದನ್ನು ಆತ ಬೇಡಿ ಪಡೆದಂತೆಯೇ ಸರಿ.