ಕಾಯಿಲೆಗೆ ಊರಿಲ್ಲ, ಕೌಂಟರಿಗೆ ಮಾತ್ರ ಊರು ಬೇಕು

ದೊಡ್ಡಾಸ್ಪತ್ರೆಯ ಕೌಂಟರಿನ ಮುಂದೆ ನಿಂತ ರೋಗಿಗೆ ಎದುರಾಗುವ ಮೊದಲ ಪ್ರಶ್ನೆ ‘ಏನು ಕಾಯಿಲೆ’ ಎಂಬುದಲ್ಲ. ‘ಯಾವೂರು? ರೇಷನ್ ಕಾರ್ಡು ಎಲ್ಲೀದು?’ ಎಂಬುದು.

ದಕ್ಷಿಣ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಬಿಟಿಎಂ ಲೇಔಟಿನ ಪಿ.ಜಿ.ಗಳಲ್ಲಿ ಬಿಹಾರ, ಒಡಿಶಾ, ಕೇರಳದ ಹುಡುಗರು. ಬನಶಂಕರಿಯ ಕಟ್ಟಡಗಳಲ್ಲಿ ಗಾರೆ ಹೊರುವವರು ರಾಯಚೂರು, ಯಾದಗಿರಿ ಕಡೆಯವರು. ಜಯನಗರ, ಜೆ.ಪಿ. ನಗರದಲ್ಲೋ, ಮೂವತ್ತು ವರ್ಷ ಹೊರದೇಶದಲ್ಲಿ ದುಡಿದು ‘ಇನ್ನು ಸಾಕಪ್ಪ, ಊರಲ್ಲೇ ಇರೋಣ’ ಅಂತ ವಾಪಸು ಬಂದ ಹಿರಿಯರು. ಒಬ್ಬರು ಬಡವರು, ಇನ್ನೊಬ್ಬರು ಅನುಕೂಲಸ್ಥರು. ಆದರೆ ಕೌಂಟರಿನ ಮುಂದೆ ಇಬ್ಬರೂ ಹೊರಗಿನವರೇ. ಸಕ್ಕರೆ ಕಾಯಿಲೆ, ಪಾರ್ಕಿನ್ಸನ್, ಪಾರ್ಶ್ವವಾಯು ಮಾತ್ರ ವಿಳಾಸ ವಿಚಾರಿಸಿಕೊಂಡು ಬರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಜಿಪುಣತನ ಮಾಡಿಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಲೆಕ್ಕಕ್ಕಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯ, ತಲಸ್ಸೇಮಿಯದಂಥ ದೀರ್ಘ ಕಾಯಿಲೆಗಳೂ ಪಟ್ಟಿಗೆ ಬಂದವು. ಅದೇ ಕಾಯ್ದೆಯ 58ನೇ ಕಲಮಿನಲ್ಲಿ ಒಂದು ಸಾಲಿದೆ. ಈ ಸರ್ಟಿಫಿಕೇಟು ದೇಶಕ್ಕೆಲ್ಲ ಸಲ್ಲುತ್ತದೆ ಎಂದು. ಅಂದರೆ ಯಾದಗಿರಿಯಲ್ಲಿ ಕೊಟ್ಟ ಕಾಗದ ಜಯನಗರದಲ್ಲಿ ನಡೆಯಬೇಕು, ಪಟ್ನಾದಲ್ಲಿ ಕೊಟ್ಟದ್ದು ಬಿಟಿಎಂನಲ್ಲಿ ನಡೆಯಬೇಕು. ಸರ್ಟಿಫಿಕೇಟು ಇಲ್ಲದವರು ಹುಟ್ಟೂರಿಗೆ ಬಸ್ಸು ಹತ್ತಬೇಕಿಲ್ಲ. ವಾಸವಿರುವ ಜಿಲ್ಲೆಯಲ್ಲಿ, ಇಲ್ಲವೇ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯ ವೈದ್ಯ ಮಂಡಳಿಯ ಮುಂದೆ ಅರ್ಜಿ ಹಾಕಬಹುದು ಎಂದು 2017ರ ನಿಯಮಗಳು ಬಿಡಿಸಿ ಹೇಳಿವೆ. ಅರ್ಜಿ ಹಾಕುವುದು ಯುಡಿಐಡಿ ಎಂಬ ಕಾರ್ಡಿಗೆ. ಆಧಾರ್ ಕೈಯಲ್ಲಿರಬೇಕು.

ಇಷ್ಟೆಲ್ಲ ಬರೆದಿಟ್ಟರೂ ಜನ ಅಲೆಯುವುದು ತಪ್ಪಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ಔಷಧಿಯ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ಒಂದೂವರೆ ಲಕ್ಷದ ಮಿತಿಯೊಳಗೆ. ಹೊರರಾಜ್ಯದ ಆಯುಷ್ಮಾನ್ ಕಾರ್ಡು ಇರುವವನಿಗೆ ಇಲ್ಲಿನ ನೋಂದಾಯಿತ ಆಸ್ಪತ್ರೆಯಲ್ಲೂ ಅದು ನಡೆಯಬೇಕು. ಯೋಜನೆಯ ಕಟ್ಟಳೆಯೇ ಹಾಗಿದೆ. ‘ಇದು ನಿಮ್ಮ ರಾಜ್ಯದ್ದು, ಇಲ್ಲಿ ಆಗಲ್ಲ’ ಎಂದು ಯಾರಾದರೂ ಅಂದರೆ ಕಾರ್ಡು ಜೇಬಿಗೆ ಇಟ್ಟುಕೊಂಡು ಬರಬೇಕಾಗಿಲ್ಲ, ಬರವಣಿಗೆಯಲ್ಲಿ ಕೊಡಿ ಎಂದು ಕೇಳಬೇಕು.

ಆದರೆ ಇವೆಲ್ಲ ಮುಖ್ಯವಾಗಿ ಮಂಚದ ಮೇಲೆ ಮಲಗಿದವನಿಗೆ. ದೀರ್ಘ ಕಾಯಿಲೆಯವನ ಖರ್ಚು ಮಂಚದಲ್ಲಿ ಇಲ್ಲ, ಮಾತ್ರೆಯಲ್ಲಿದೆ. ತಿಂಗಳು ತಿಂಗಳು, ವರ್ಷ ವರ್ಷ, ಮೆಡಿಕಲ್ ಶಾಪಿನ ಬಿಲ್ಲು. ಬಿ.ಪಿ., ಸಕ್ಕರೆ ಮಾತ್ರೆಗೆ ಸರ್ಕಾರಿ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್ ಇವೆ. ಅದರಾಚೆಯ ಔಷಧಿಗೆ ರೋಗಿ ಇದ್ದಾನೆ, ಅವನ ಜೇಬಿದೆ.

ಹೊರದೇಶದಿಂದ ಬಂದವರ ಕಥೆ ಇನ್ನೊಂದು ಥರ. ಇವರು ವಿಮೆ ಕೊಳ್ಳಬಲ್ಲರು. ಆದರೆ ಮೊದಲೇ ಇರುವ ಕಾಯಿಲೆಗೆ ಕಂಪನಿಗಳು ಕಾಯಿಸುತ್ತವೆ. ಈ ಕಾಯುವ ಅವಧಿಯನ್ನು ವಿಮಾ ಪ್ರಾಧಿಕಾರ 2024ರ ಏಪ್ರಿಲಿನಿಂದ 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಹಳೆಯ ಗೆರೆಯನ್ನೂ ತೆಗೆದುಹಾಕಿತು. ಆದ್ದರಿಂದ ಬುದ್ಧಿವಂತಿಕೆ ಎಂದರೆ ಬಂದಿಳಿದ ಕೂಡಲೇ ಪಾಲಿಸಿ ಮಾಡಿಸುವುದು, ಇರುವ ಕಾಯಿಲೆಯನ್ನು ಮುಚ್ಚಿಡದೆ ಬರೆಯುವುದು. ಮುಚ್ಚಿಟ್ಟವನು ಕಂತು ಕಟ್ಟಿಯೂ ಕೈ ಸುಟ್ಟುಕೊಳ್ಳುತ್ತಾನೆ.

ದುಡಿಯುವ ವಲಸಿಗನಿಗೆ ಇರುವುದರಲ್ಲಿ ಗಟ್ಟಿ ಆಸರೆ ಇಎಸ್‌ಐ. ಅದು ಊರು ಕೇಳುವುದಿಲ್ಲ, ರೇಷನ್ ಕಾರ್ಡು ಕೇಳುವುದಿಲ್ಲ, ಕೆಲಸ ಕೇಳುತ್ತದೆ. ಹೊರರೋಗಿ ಚಿಕಿತ್ಸೆ ಉಂಟು, ಔಷಧಿ ಉಂಟು, ಹೆಂಡತಿ ಮಕ್ಕಳಿಗೂ ಉಂಟು. ಎರಡು ವರ್ಷ ಸರ್ವೀಸು ಆದವನಿಗೆ ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು ಮುಂತಾದ 34 ದೀರ್ಘ ಕಾಯಿಲೆಗಳಲ್ಲಿ ಯಾವುದಾದರೂ ಬಂದರೆ, ಎರಡು ವರ್ಷದವರೆಗೆ ಸಂಬಳದ ಶೇಕಡಾ 80 ಕೈಗೆ ಬರುತ್ತದೆ. ಹತ್ತು ಜನ ಕೆಲಸಕ್ಕಿರುವ ಅಂಗಡಿಗೂ ಇದು ಅನ್ವಯ. 15,000 ರೂಪಾಯಿ ಸಂಬಳದ ಹುಡುಗನಿಗೆ ಮಾಲೀಕ ತಿಂಗಳಿಗೆ ಕಟ್ಟಬೇಕಾದದ್ದು ಸುಮಾರು 488 ರೂಪಾಯಿ, ಹುಡುಗನದು 113. ಹತ್ತನೆಯ ಹುಡುಗನನ್ನು ಪುಸ್ತಕಕ್ಕೆ ಸೇರಿಸದೆ ಒಂಬತ್ತೇ ಎಂದು ತೋರಿಸುವ ಜಾಣ್ಮೆ ಬಜಾರಿನಲ್ಲಿ ಇಲ್ಲ ಎನ್ನುವಂತಿಲ್ಲ. ಆ ಜಾಣ್ಮೆಯಿಂದ ಉಳಿಯುವ ದುಡ್ಡು ಎಷ್ಟು, ಕಳೆಯುವ ಜೀವ ಎಂಥದು ಎಂದು ಅಂಗಡಿಯವರೇ ತೂಗಿ ನೋಡಲಿ. ತಕ್ಕಡಿ ಅವರ ಕೈಯಲ್ಲೇ ಇದೆ.

ಇಲ್ಲಿಂದ ಹೊರಗೆ ಹೋದವರಿಗೆ ಅಲ್ಲಿ ಏನು ಸಿಗುತ್ತದೆ ಎಂಬುದನ್ನೂ ನೋಡಬೇಕು. ಐರ್ಲೆಂಡಿನಲ್ಲಿ 1970ರ ಆರೋಗ್ಯ ಕಾಯ್ದೆಯ ಅಡಿಯಲ್ಲಿ ದೀರ್ಘ ಕಾಯಿಲೆ ಯೋಜನೆ ಎಂಬುದಿದೆ. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಪಾರ್ಕಿನ್ಸನ್ ಸೇರಿ 16 ಕಾಯಿಲೆಗಳು. ಆ ಕಾಯಿಲೆಯ ಔಷಧಿ ಪೂರಾ ಪುಕ್ಕಟೆ. ಆದಾಯ ಕೇಳುವುದಿಲ್ಲ. ಅಲ್ಲಿನ ಪ್ರಜೆಯೇ ಆಗಿರಬೇಕೆಂದೂ ಇಲ್ಲ. ಒಂದು ವರ್ಷವಾದರೂ ಅಲ್ಲಿ ವಾಸವಿರುವವನೇ ಎಂಬುದಷ್ಟೇ ಪ್ರಶ್ನೆ. ಬನಶಂಕರಿಯಿಂದ ಹೋದ ನರ್ಸಮ್ಮನಿಗೆ ಡಬ್ಲಿನ್ನಿನಲ್ಲಿ ಸಕ್ಕರೆ ಕಾಯಿಲೆ ಬಂದರೆ ಇನ್ಸುಲಿನ್ನಿಗೆ ದುಡ್ಡು ಕೊಡಬೇಕಿಲ್ಲ. ಯಾದಗಿರಿಯಿಂದ ಬನಶಂಕರಿಗೆ ಬಂದವನು ತನ್ನ ರಾಜ್ಯದೊಳಗೇ ಪರದೇಶಿ!

ಪಾರ್ಕಿಂಗಿನ ವಿಷಯಕ್ಕೆ ಬಂದರೆ, ಬ್ರಿಟನ್ನಿನಲ್ಲಿ ನೀಲಿ ಬ್ಯಾಡ್ಜು ಇದೆ. 1971ರಲ್ಲಿ ಕಿತ್ತಳೆ ಬಣ್ಣದಲ್ಲಿ ಶುರುವಾಗಿ 2000ದಲ್ಲಿ ನೀಲಿಯಾಯಿತು. ಅದರ ಮರ್ಮ ಸರಳ. ಪರ್ಮಿಟ್ಟು ಕಾರಿಗಲ್ಲ, ಮನುಷ್ಯನಿಗೆ. ಮಗನ ಕಾರಾಗಲಿ, ಪಕ್ಕದ ಮನೆಯವನ ಕಾರಾಗಲಿ, ಕಾಲಿಲ್ಲದವನು ಎಲ್ಲಿ ಕೂತನೋ ಆ ಗಾಡಿಗೆ ಜಾಗ.

ಭಾರತದಲ್ಲಿ ದೇಶಕ್ಕೆಲ್ಲ ಸಲ್ಲುವ ಅಂಥ ಪರ್ಮಿಟ್ಟು ಇಲ್ಲ. 2020ರ ಅಕ್ಟೋಬರಿನಲ್ಲಿ ಗಾಡಿಯ ನೋಂದಣಿ ಅರ್ಜಿಯಲ್ಲಿ ಮಾಲೀಕ ಅಂಗವಿಕಲ ಎಂದು ನಮೂದಿಸಲು ಅವಕಾಶವಾಯಿತು. ಒಳ್ಳೆಯದೇ. ಆದರೆ ಸ್ವಂತ ಗಾಡಿ ಇಲ್ಲದೆ ಆಟೋದಲ್ಲೋ ಅಳಿಯನ ಕಾರಿನಲ್ಲೋ ಬರುವವನಿಗೆ ಅದರಿಂದ ಏನು ಬಂತು? ಜಾಗದ ಅಳತೆಗೂ ಕೊರತೆಯಿಲ್ಲ. ಗಾಲಿಕುರ್ಚಿ ಇಳಿಸಲು 3.6 ಮೀಟರ್ ಅಗಲ, ಬಾಗಿಲಿನಿಂದ 30 ಮೀಟರ್ ಒಳಗೆ ಎಂದು ಕೇಂದ್ರದ ಮಾರ್ಗಸೂಚಿಯಲ್ಲಿ ಬರೆದಿದೆ. ಇಂಥ ಮಾತುಗಳು ಶಿಫಾರಸಾಗಿ ಉಳಿದರೆ ಸಾಲದು, ಕಡ್ಡಾಯ ನಿಯಮವೇ ಆಗಬೇಕು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಂಜೆ ಆರಕ್ಕೆ ನಿಂತು ನೋಡಿದರೆ ಶಿಫಾರಸಿನ ಗತಿ ತಿಳಿಯುತ್ತದೆ. ಒಂದು ಕಡೆ ಸ್ಕೂಟರುಗಳ ಸಾಲು. ಇನ್ನೊಂದು ಕಡೆ ಅಂಗಡಿಯವರು ‘ನಮ್ಮ ಗಿರಾಕಿಗೆ’ ಅಂತ ಇಟ್ಟ ಕುರ್ಚಿ, ಕೋನು, ಕಲ್ಲು. ಫುಟ್‌ಪಾತು ಹತ್ತುವುದು ಗಟ್ಟಿಮುಟ್ಟಾದವರಿಗೇ ಸರ್ಕಸ್ಸು. ಕೋಲು ಹಿಡಿದ ಹಿರಿಯರು ಕಾರಿನಿಂದ ಇಳಿಯಬೇಕಾದದ್ದು ನಡುರಸ್ತೆಯಲ್ಲಿ, ಹಿಂದಿನ ಬಸ್ಸಿನ ಹಾರ್ನಿನ ನಡುವೆ. ಬಸ್ಸಿನಲ್ಲಿ ಕೂತವರು ಶಪಿಸುತ್ತಾರೆ. ಅವರದೂ ತಪ್ಪಲ್ಲ, ಅವರಿಗೂ ಮನೆ ಸೇರಬೇಕು.

ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳು ಬಂದಿವೆ. ಬೆಂಗಳೂರು ದಕ್ಷಿಣ ನಗರ ಪಾಲಿಕೆ ಹೊಸದು, ಹೆಸರು ಸಂಪಾದಿಸಲು ಇದು ಒಳ್ಳೆಯ ಕೆಲಸ. ಮಾರುಕಟ್ಟೆ, ಆಸ್ಪತ್ರೆ, ಬಸ್ ನಿಲ್ದಾಣದ ಹತ್ತಿರ ಎರಡೆರಡು ಜಾಗಕ್ಕೆ ಬಣ್ಣ ಬಳಿಯಲಿ. ನಡೆಯಲಾರದವರ ಯುಡಿಐಡಿ ಕಾರ್ಡೇ ಪರ್ಮಿಟ್ಟು ಎಂದು ಟ್ರಾಫಿಕ್ ಪೊಲೀಸರ ಜೊತೆ ಕೂತು ತೀರ್ಮಾನಿಸಲಿ. ಯುಡಿಐಡಿ ಇರುವುದು ಭಾರತದ ಪ್ರಜೆಗಳಿಗೆ. ಹೊರದೇಶದ ಪಾಸ್‌ಪೋರ್ಟು ಹಿಡಿದು ಇಲ್ಲೇ ನೆಲೆಸಿರುವ ಹಿರಿಯರಿಗೆ ಸರ್ಕಾರಿ ಆಸ್ಪತ್ರೆಯ ಚೀಟಿಯ ಮೇಲೆ ವರ್ಷದ ಪರ್ಮಿಟ್ಟು ಕೊಡಲಿ. ದುರುಪಯೋಗ ಆಗುತ್ತದೆ ಎನ್ನುವವರು ಇದ್ದಾರೆ. ಕಾರ್ಡಿನಲ್ಲಿ ಫೋಟೋ ಇದೆ, ನಂಬರು ಇದೆ. ಅನುಮಾನ ಬಂದರೆ ಪೊಲೀಸಪ್ಪ ನೋಡಿಕೊಳ್ಳಲಿ.

ಮಾತ್ರೆಯ ವಿಷಯವೂ ಹೀಗೇ. ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಬೇಕು. ಯುಡಿಐಡಿ ಇರುವ ದೀರ್ಘ ರೋಗಿ ಯಾವ ಜಿಲ್ಲೆಯವನೇ ಆಗಲಿ, ಯಾವ ರಾಜ್ಯದವನೇ ಆಗಲಿ, ವಾಸವಿರುವ ಬಡಾವಣೆಯ ಸರ್ಕಾರಿ ಕೇಂದ್ರದಲ್ಲಿ ತಿಂಗಳ ಔಷಧಿ ಪಡೆಯಬಹುದು ಎಂದು. ಖರ್ಚು ಇದೆ, ನಿಜ. ಆದರೆ ಹೊತ್ತಿಗೆ ಮಾತ್ರೆ ಸಿಗದೆ ಸಕ್ಕರೆ ಏರಿ, ಕಾಲು ಕೊಳೆತು, ಐದು ಲಕ್ಷದ ಕಾರ್ಡು ಹಿಡಿದು ಆಪರೇಷನ್ನಿಗೆ ಬಂದಾಗ ಆಗುವ ಖರ್ಚು ಅದಕ್ಕಿಂತ ದೊಡ್ಡದು. ಆ ಕಾಲನ್ನು ಯಾವ ಕಾರ್ಡೂ ವಾಪಸು ಕೊಡುವುದಿಲ್ಲ.